ಡಿಎನ್‌ಎ ಎಂಬ ಹಗ್ಗದ ಸಿಕ್ಕು ಬಿಡಿಸಿದ ಲೆಕ್ಕ

ಡಿಎನ್‌ಎ ಅಂದ ಕೂಡಲೇ ಎಲ್ಲರ ಕಣ್ಣಿಗೂ ಬರುವುದು ಒಂದೇ ಚಿತ್ರ: ತಿರುಚಿದ ಏಣಿ. ಪಠ್ಯಪುಸ್ತಕದಲ್ಲೂ ಅದೇ, ಲ್ಯಾಬ್‌ಗಳ ಬೋರ್ಡಿನ ಮೇಲೂ ಅದೇ. ವಾಟ್ಸನ್ ಮತ್ತು ಕ್ರಿಕ್ ಈ ಚಿತ್ರ ಕೊಟ್ಟಿದ್ದು 1953ರಲ್ಲಿ. 1962ರಲ್ಲಿ ಅದಕ್ಕೆ ನೊಬೆಲ್ ಬಂತು. ಅಲ್ಲಿಗೆ ಕಥೆ ಮುಗಿಯಿತು ಅಂತ ನಾವು ಅಂದುಕೊಂಡಿರುತ್ತೇವೆ. ಮುಗಿದಿರಲಿಲ್ಲ. 1976ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿ. ಶಶಿಶೇಖರನ್ ಮತ್ತು ಎನ್. ಪಟ್ಟಾಭಿರಾಮನ್, 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ, ಡಿಎನ್‌ಎಯ ಎರಡು ಎಳೆಗಳು ಬೇರೆ ರೀತಿಯಲ್ಲೂ ಜೊತೆಯಾಗಿರಬಹುದು ಎಂದು ಬರೆದರು. ಅದೇ ವರ್ಷ ನ್ಯೂಜಿಲೆಂಡಿನಲ್ಲಿ ರಾಡ್ಲಿ ಎಂಬುವವರ ತಂಡವೂ ಹೆಚ್ಚುಕಮ್ಮಿ ಅದನ್ನೇ ಹೇಳಿತು.

ಶಶಿಶೇಖರನ್ ಸಾಮಾನ್ಯರಲ್ಲ. ಜಿ.ಎನ್. ರಾಮಚಂದ್ರನ್ ಜೊತೆ ಸೇರಿ 1963ರಲ್ಲಿ ಪ್ರೋಟೀನುಗಳ ಆಕಾರ ಅಳೆಯುವ 'ರಾಮಚಂದ್ರನ್ ಪ್ಲಾಟ್' ಕೊಟ್ಟ ಮೂವರಲ್ಲಿ ಒಬ್ಬರು. ಅವರ ತಂಡ ಹೇಳಿದ್ದು ಇಷ್ಟು: ಎಳೆಗಳು ಸ್ವಲ್ಪ ದೂರ ಬಲಕ್ಕೆ ಹೊಸೆದುಕೊಂಡು, ಆಮೇಲೆ ಅಷ್ಟೇ ದೂರ ಎಡಕ್ಕೆ ಹೊಸೆದುಕೊಂಡಿದ್ದರೆ? ಹೊಸೆತ ಮತ್ತು ಬಿಚ್ಚುವಿಕೆ ಒಂದಕ್ಕೊಂದು ವಜಾ ಆಗುತ್ತದೆ. ಎಳೆಗಳು ಪಕ್ಕಪಕ್ಕದಲ್ಲಿ ಮಲಗಿದ ಹಾಗಿರುತ್ತವೆ. ಎಳೆದರೆ ಜಿಪ್ಪಿನಂತೆ ಬೇರೆಯಾಗುತ್ತವೆ.

ಇದು ಬರೀ ತಕರಾರಿಗೆ ತೆಗೆದ ತಕರಾರಲ್ಲ. ಆಗ ಇದ್ದ ಎಕ್ಸ್-ರೇ ಚಿತ್ರಗಳು ಡಿಎನ್‌ಎ ನಾರುಗಳಿಂದ ತೆಗೆದವು. ಅವು ಕೊಡುತ್ತಿದ್ದುದು ಮಸುಕಾದ ಸರಾಸರಿ ಚಿತ್ರ. ಅದಕ್ಕೆ ಒಂದಕ್ಕಿಂತ ಹೆಚ್ಚು ಮಾದರಿಗಳನ್ನು ಹೊಂದಿಸಲು ಸಾಧ್ಯ ಇತ್ತು. ಇನ್ನೊಂದು ಕಡೆ, ತಿರುಚಿದ ಏಣಿಯನ್ನೇ ನಂಬಿದರೆ ಎದುರಾಗುವ ತಲೆನೋವೂ ಚಿಕ್ಕದಲ್ಲ.

ಲೆಕ್ಕ ಹಾಕಿ ನೋಡೋಣ. ನಮ್ಮ ಕರುಳಿನಲ್ಲಿರುವ ಇ. ಕೋಲಿ ಬ್ಯಾಕ್ಟೀರಿಯಾದ ಡಿಎನ್‌ಎ ಒಂದು ಬಳೆಯ ಥರ. ತುದಿಯಿಲ್ಲ, ಮೊದಲಿಲ್ಲ. ಅದರಲ್ಲಿ ಸುಮಾರು 46 ಲಕ್ಷ ಅಕ್ಷರಜೋಡಿಗಳಿವೆ. ಹತ್ತೂವರೆ ಜೋಡಿಗೆ ಒಂದು ಸುತ್ತು ಅಂತ ಹಿಡಿದರೆ ಎರಡು ಎಳೆಗಳು ಒಂದರ ಸುತ್ತ ಒಂದು ಸುಮಾರು 4 ಲಕ್ಷ 40 ಸಾವಿರ ಸಲ ಸುತ್ತಿಕೊಂಡಿವೆ. ಬ್ಯಾಕ್ಟೀರಿಯಾ ಎರಡಾಗಬೇಕಾದರೆ ಈ ಎಳೆಗಳು ಪೂರ್ತಿ ಬೇರೆಯಾಗಬೇಕು. ಅದಕ್ಕೆ ಸಿಗುವ ಸಮಯ ಸುಮಾರು 40 ನಿಮಿಷ. ಅಂದ್ರೆ ನಿಮಿಷಕ್ಕೆ 11 ಸಾವಿರ ಸುತ್ತು, ಸೆಕೆಂಡಿಗೆ 180ಕ್ಕೂ ಹೆಚ್ಚು ಬಿಚ್ಚಬೇಕು. ಬಿಚ್ಚುವುದು ಎಲ್ಲಿ? ಉದ್ದ ಎರಡು ಮೈಕ್ರೋಮೀಟರ್ ಇರುವ ಜೀವಕೋಶದೊಳಗೆ, ತನಗಿಂತ ನೂರಾರು ಪಟ್ಟು ಉದ್ದದ ಹಗ್ಗ ತುರುಕಿಟ್ಟ ಜಾಗದಲ್ಲಿ. ಒಂದು ಸುತ್ತು ಉಳಿದರೂ ಎರಡು ಮರಿ ಬಳೆಗಳು ಸಂಕೋಲೆಯಂತೆ ಸಿಕ್ಕಿಕೊಂಡೇ ಇರುತ್ತವೆ, ಕೋಶ ಎರಡಾಗುವುದಿಲ್ಲ.

ಜಡೆ ಕೋಲಾಟ ನೋಡಿದವರಿಗೆ ಈ ತೊಂದರೆ ತಕ್ಷಣ ಅರ್ಥವಾಗುತ್ತದೆ. ಮೇಲಿಂದ ಇಳಿಬಿಟ್ಟ ಹಗ್ಗಗಳನ್ನು ಹಿಡಿದು ಕುಣಿಯುತ್ತಾ ಕುಣಿಯುತ್ತಾ ಜಡೆ ಹೆಣೆಯುತ್ತಾರೆ, ಆಮೇಲೆ ಹೆಜ್ಜೆ ಹಿಂದುಮುಂದು ಮಾಡಿ ಅದೇ ಜಡೆಯನ್ನು ಬಿಚ್ಚುತ್ತಾರೆ. ಬಿಚ್ಚಲು ಆಗುವುದು ಯಾಕೆ? ಕೆಳಗಿನ ತುದಿಗಳು ಕುಣಿಯುವವರ ಕೈಯಲ್ಲಿ ಬಿಡಿಬಿಡಿಯಾಗಿ ಇರುವುದರಿಂದ. ಹೆಣೆದಾದ ಮೇಲೆ ಆ ತುದಿಗಳನ್ನೆಲ್ಲ ನೆಲದಲ್ಲಿ ಗೂಟಕ್ಕೆ ಬಿಗಿದುಬಿಟ್ಟರೆ ಎಂಥ ಕುಣಿತಗಾರರೂ ಆ ಜಡೆಯನ್ನು ಬಿಚ್ಚಲಾರರು. ಎಲ್ಲೋ ಒಂದು ಹಗ್ಗ ಕತ್ತರಿಸಲೇಬೇಕು. ಬಳೆಯಾಕಾರದ ಡಿಎನ್‌ಎ ಈ ಎರಡನೇ ಸ್ಥಿತಿಯಲ್ಲಿದೆ.

ಹೀಗೆ ಎಳೆದರೂ ಬಗ್ಗಿಸಿದರೂ ಬದಲಾಗದ, ಕತ್ತರಿಸಿದರೆ ಮಾತ್ರ ಬದಲಾಗುವ ಗುಣಗಳನ್ನು ಅಭ್ಯಾಸ ಮಾಡುವ ಗಣಿತಕ್ಕೆ ಟೊಪಾಲಜಿ ಅಂತ ಹೆಸರು. ನಾಲ್ಕು ವರ್ಷ ಇಂಜಿನಿಯರಿಂಗ್‌ನಲ್ಲಿ ಎಂ-1ರಿಂದ ಎಂ-4ರವರೆಗೆ ಗಣಿತ ಅರೆದು ಕುಡಿಸಿದರೂ ಈ ಪದ ನನ್ನ ಕಿವಿಗೆ ಬಿದ್ದಿರಲಿಲ್ಲ. ಇರಲಿ.

ಒಂದು ಪೂರ್ಣಾಂಕದ ಹಟ

ಎರಡು ಬಳೆಗಳು ಎಷ್ಟು ಸಲ ಒಂದರೊಳಗೊಂದು ಸಿಕ್ಕಿಕೊಂಡಿವೆ ಎಂಬುದಕ್ಕೆ ಒಂದು ಸಂಖ್ಯೆ ಇದೆ. ಲಿಂಕಿಂಗ್ ನಂಬರ್ ಅನ್ನುತ್ತಾರೆ, ಇಲ್ಲಿ ಕೊಂಡಿ ಸಂಖ್ಯೆ ಅನ್ನೋಣ. ಇದು ಯಾವಾಗಲೂ ಪೂರ್ಣಾಂಕ. ಎರಡೂವರೆ ಕೊಂಡಿ ಅಂತ ಇರಲ್ಲ. ಬಳೆಗಳನ್ನು ಹೇಗೆ ಬಗ್ಗಿಸಿದರೂ ಹಿಗ್ಗಿಸಿದರೂ ಅದು ಬದಲಾಗಲ್ಲ.

ಹಾಗಾದರೆ ಬಗ್ಗಿಸಿದಾಗ ಬದಲಾಗುವುದು ಏನು? ಸೊಂಟದ ಬೆಲ್ಟ್ ಒಂದನ್ನು ಕೈಗೆ ತಗೊಳ್ಳಿ. ಒಂದು ತುದಿಯನ್ನು ನಾಲ್ಕೈದು ಸುತ್ತು ತಿರುಚಿ ಬಕಲ್ ಹಾಕಿ. ಎರಡು ಕೈಯಲ್ಲಿ ಅಗಲವಾಗಿ ಹಿಡಿದರೆ ತಿರುಚು ಬೆಲ್ಟಿನ ಉದ್ದಕ್ಕೂ ಕಾಣುತ್ತದೆ. ಕೈಗಳನ್ನು ಹತ್ತಿರ ತಂದರೆ ತಿರುಚು ಮಾಯವಾಗಿ, ಬೆಲ್ಟೇ ತನ್ನ ಮೈಮೇಲೆ ತಾನು ಸುತ್ತಿಕೊಳ್ಳುತ್ತದೆ. ಹಳೇ ಲ್ಯಾಂಡ್‌ಲೈನ್ ಫೋನಿನ ವೈರು ಗಂಟುಗಂಟಾಗುತ್ತಿದ್ದುದೂ ಹೀಗೇ. ಒಂದು ರೂಪದ ಸುತ್ತು ಇನ್ನೊಂದು ರೂಪಕ್ಕೆ ಹೋಯಿತು, ಒಟ್ಟು ಮೊತ್ತ ಹಾಗೇ ಉಳಿಯಿತು. ಮೊದಲನೆಯದು ಟ್ವಿಸ್ಟ್, ಎರಡನೆಯದು ರೈದ್. ಕೊಂಡಿ ಸಂಖ್ಯೆ ಅಂದ್ರೆ ಇವೆರಡರ ಮೊತ್ತ. ರೊಮೇನಿಯಾದ ಗಣಿತಜ್ಞ ಕಲುಗರೇನು 1959ರ ಸುಮಾರಿಗೆ, ಆಮೇಲೆ ಅಮೆರಿಕದ ಜೇಮ್ಸ್ ವೈಟ್ 1969ರಲ್ಲಿ ಈ ಸಂಬಂಧವನ್ನು ಸಾಧಿಸಿದ್ದು ಆಕಾಶದಲ್ಲಿ ಸುತ್ತುವ ಗೆರೆಗಳ ಬಗ್ಗೆ ಯೋಚಿಸುತ್ತಾ, ಜೀವಶಾಸ್ತ್ರಕ್ಕಾಗಿ ಅಲ್ಲ. 1971ರಲ್ಲಿ ಬ್ರಾಕ್ ಫುಲ್ಲರ್ ಅದನ್ನು ಡಿಎನ್‌ಎಗೆ ಹೊಂದಿಸಿ ಬರೆದರು.

ಅಷ್ಟರಲ್ಲಿ ಪ್ರಯೋಗಾಲಯದವರಿಗೂ ಇದರ ಅಗತ್ಯ ಬಿದ್ದಿತ್ತು. 1965ರಲ್ಲಿ ಜೆರೋಮ್ ವಿನೋಗ್ರಾಡ್ ಅವರ ತಂಡ ಪಾಲಿಯೋಮಾ ವೈರಸ್ಸಿನ ಡಿಎನ್‌ಎ ಬಳೆ ಸುಮ್ಮನೆ ದುಂಡಗಿರದೆ ಆ ಬೆಲ್ಟಿನಂತೆ ಮೈಮೇಲೆ ಸುತ್ತಿಕೊಂಡಿರುವುದನ್ನು ಕಂಡುಕೊಂಡಿತ್ತು. ಇದೇ ಸೂಪರ್‌ಕಾಯಿಲ್.

ಈಗ ಬೆಂಗಳೂರಿನ ಪ್ರಶ್ನೆಗೆ ವಾಪಸ್ ಬನ್ನಿ. ಪಕ್ಕಪಕ್ಕದ ಮಾದರಿ ಸರಿಯಾದರೆ ಕೊಂಡಿ ಸಂಖ್ಯೆ ಸೊನ್ನೆಯ ಆಸುಪಾಸು ಇರಬೇಕು. ವಾಟ್ಸನ್-ಕ್ರಿಕ್ ಸರಿಯಾದರೆ ಡಿಎನ್‌ಎಯ ಉದ್ದವನ್ನು ಹತ್ತೂವರೆಯಿಂದ ಭಾಗಿಸಿದಷ್ಟು. ಎರಡರ ನಡುವೆ ನೂರಾರು, ಸಾವಿರಾರು ಅಂಕಿಗಳ ವ್ಯತ್ಯಾಸ. ಅಣುವಿನ ಫೋಟೋ ಬೇಕಾಗಿಲ್ಲ, ಕೊಂಡಿ ಎಣಿಸಿದರೆ ಸಾಕು. ತಮಾಷೆ ಅಂದ್ರೆ, ಈ ಜಗಳದಲ್ಲಿ ಗಣಿತದವರೂ ಒಂದೇ ಕಡೆ ಇರಲಿಲ್ಲ. ಮಿನ್ನೆಸೋಟದ ಗಣಿತಜ್ಞ ವಿಲಿಯಂ ಪೋಲ್ 1978ರಲ್ಲಿ ಇದೇ ಟೊಪಾಲಜಿಯನ್ನು ಹಿಡಿದು, ಇಷ್ಟೊಂದು ಕೊಂಡಿಗಳನ್ನು ಜೀವಕೋಶ ಬಿಚ್ಚಲಾರದು, ಆದ್ದರಿಂದ ಹೊಸೆದ ಏಣಿಯೇ ಅನುಮಾನ ಎಂದು ವಾದಿಸಿದ್ದರು.

ಎಣಿಸಿದ್ದು ಹೇಗೆ? ಅಗರೋಸ್ ಜೆಲ್ ಅಂತ ಒಂದು ಪದಾರ್ಥ ಇದೆ, ನಮ್ಮ ಅಗರ್ ಅಗರ್ ಹಲ್ವಾದಂತೆ ಗಟ್ಟಿಯಾಗುವ ತೆಳು ಹಾಳೆ. ಅದರಲ್ಲಿ ಡಿಎನ್‌ಎ ಹಾಕಿ ವಿದ್ಯುತ್ ಹರಿಸಿದರೆ ಅಣುಗಳು ಓಡುತ್ತವೆ. ಹೆಚ್ಚು ಸುತ್ತಿಕೊಂಡು ಮುದ್ದೆಯಾದದ್ದು ಬೇಗ, ಸಡಿಲವಾದದ್ದು ನಿಧಾನ. 1975ರಲ್ಲಿ ವಾಲ್ಟರ್ ಕೆಲ್ಲರ್ ತೋರಿಸಿದ ಪ್ರಕಾರ, ಒಂದೇ ಉದ್ದದ, ಒಂದೇ ಅಕ್ಷರಗಳ ಡಿಎನ್‌ಎ ಬಳೆಗಳು ಜೆಲ್‌ನಲ್ಲಿ ಏಣಿಯ ಮೆಟ್ಟಿಲುಗಳಂತೆ ಬಿಡಿಬಿಡಿ ಗೆರೆಗಳಾಗಿ ನಿಲ್ಲುತ್ತವೆ. ಒಂದೊಂದು ಮೆಟ್ಟಿಲಿಗೂ ಕೊಂಡಿ ಸಂಖ್ಯೆಯಲ್ಲಿ ಒಂದರ ವ್ಯತ್ಯಾಸ. ನಡುವೆ ಅರ್ಧ ಮೆಟ್ಟಿಲು ಇಲ್ಲವೇ ಇಲ್ಲ. ಪೂರ್ಣಾಂಕ ಅನ್ನುವ ಗಣಿತದ ಮಾತು ಕಣ್ಣಿಗೆ ಕಾಣುವಂತಾಗಿದ್ದು ಹೀಗೆ. ಇಡೀ ಕಥೆಯಲ್ಲಿ ನನಗೆ ಅತಿ ಇಷ್ಟವಾದ ಭಾಗ ಇದು.

ಜೇಮ್ಸ್ ವಾಂಗ್ 1979ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋದರು. ಬಳೆಗೆ ಕೆಲವೇ ಅಕ್ಷರಜೋಡಿಗಳಷ್ಟು ಉದ್ದದ ತುಣುಕುಗಳನ್ನು ಸೇರಿಸುತ್ತಾ ಜೆಲ್ ಓಡಿಸಿದರು. ಉದ್ದ ಸ್ವಲ್ಪ ಹೆಚ್ಚಾದಾಗ ಮೆಟ್ಟಿಲುಗಳೆಲ್ಲ ಒಟ್ಟಿಗೆ ಸ್ವಲ್ಪ ಸರಿಯುತ್ತವೆ. ಸೇರಿಸಿದ ಉದ್ದ ಒಂದು ಪೂರ್ತಿ ಸುತ್ತಿಗೆ ಸಮವಾದಾಗ ಮತ್ತೆ ಹಳೆಯ ಜಾಗಕ್ಕೇ ಬಂದು ನಿಲ್ಲುತ್ತವೆ. ಹಾಗೆ ವಾಪಸ್ ಬರಲು ಬೇಕಾದದ್ದು ಸುಮಾರು 10.4 ಜೋಡಿ. ಅಂದ್ರೆ ಪ್ರತಿ 10.4 ಜೋಡಿಗೂ ಒಂದು ಹೊಸ ಕೊಂಡಿ ಸೇರುತ್ತಿದೆ. ಎಡಬಲ ವಜಾ ಆಗುವ ಮಾದರಿಯಲ್ಲಿ ಇದು ಆಗಲು ಸಾಧ್ಯವಿರಲಿಲ್ಲ. ಕೊಂಡಿಯೇ ಇಲ್ಲದ ಡಿಎನ್‌ಎಯನ್ನು ಬೇಕಂತಲೇ ತಯಾರಿಸಿ ನೋಡಿದವರೂ ಇದ್ದರು. ಬಿಡಿ ಬಳೆಗಳಾಗಿದ್ದ ಎರಡು ಎಳೆಗಳನ್ನು ಕತ್ತರಿಸದೆ ಜೋಡಿಸಿದಾಗ ಸಿಕ್ಕ ಅಣು, ನಿಸರ್ಗದ ಡಿಎನ್‌ಎಯಂತೆ ವರ್ತಿಸಲೇ ಇಲ್ಲ.

ಅದೇ ವರ್ಷ ಕ್ರಿಕ್, ವಾಂಗ್ ಮತ್ತು ವಿಲಿಯಂ ಬಾವರ್ ಒಂದು ಪ್ರಬಂಧ ಬರೆದರು. ಶೀರ್ಷಿಕೆಯೇ ಪ್ರಶ್ನೆ: ಡಿಎನ್‌ಎ ನಿಜಕ್ಕೂ ಎರಡೆಳೆಯ ಸುರುಳಿಯೇ? ಉತ್ತರ ಹೌದು ಎಂದಾಗಿತ್ತು. ಶಶಿಶೇಖರನ್ ತಂಡದ ಮಾದರಿ ನಿಲ್ಲಲಿಲ್ಲ. ಆದರೆ ಎಡಕ್ಕೆ ಹೊಸೆದ ಡಿಎನ್‌ಎ ಅಸಾಧ್ಯ ಅಂತ ಹೇಳಿದ್ದವರಿಗೂ ಅದೇ 1979ರಲ್ಲಿ ಒಂದು ಪೆಟ್ಟು ಬಿತ್ತು. ಝಡ್-ಡಿಎನ್‌ಎ ಎಂಬ ಎಡಸುರುಳಿಯ ರೂಪವೊಂದು ಹರಳಿನ ಅಧ್ಯಯನದಲ್ಲಿ ಸಿಕ್ಕಿತು.

ನಮ್ಮ ಕಾಲದಲ್ಲಿ ಈ ಕಥೆ ವಾಟ್ಸಾಪ್‌ಗೆ ಸಿಕ್ಕಿದರೆ ಏನಾಗುತ್ತದೆ ಅಂತ ಊಹಿಸಬಹುದು. ಪಾಶ್ಚಾತ್ಯರ ಸಿದ್ಧಾಂತವನ್ನು ಉರುಳಿಸಿದ ಭಾರತೀಯ, ಮುಚ್ಚಿಟ್ಟ ಸತ್ಯ, ಇತ್ಯಾದಿ. ನಿಜವಾಗಿ ನಡೆದದ್ದು ಇದಕ್ಕಿಂತ ಘನತೆಯದ್ದು. ಬೆಂಗಳೂರಿನವರು ಪರೀಕ್ಷಿಸಬಹುದಾದ ಒಂದು ಪ್ರಶ್ನೆ ಇಟ್ಟರು. ನೊಬೆಲ್ ಪಡೆದ ಮನುಷ್ಯ ನನ್ನ ಹೆಸರೇ ಸಾಕು ಅನ್ನದೆ ಕೂತು ಉತ್ತರ ಬರೆದ. ತೀರ್ಪು ಕೊಟ್ಟಿದ್ದು ಯಾರ ಪದವಿಯೂ ಅಲ್ಲ, ಜೆಲ್ ಮೇಲಿನ ಗೆರೆಗಳು.

ಕತ್ತರಿಸುವವರು ಯಾರು

ಸುರುಳಿ ನಿಜ ಅಂತಾದ ಮೇಲೆ ಬಿಚ್ಚುವ ತಲೆನೋವೂ ನಿಜ. 1954ರಷ್ಟು ಹಿಂದೆಯೇ ಮ್ಯಾಕ್ಸ್ ಡೆಲ್‌ಬ್ರುಕ್ ಇದನ್ನು ಎತ್ತಿದ್ದರು: ಎಳೆ ಕತ್ತರಿಸಿ ಮತ್ತೆ ಜೋಡಿಸದೆ ಇದು ಆಗುವ ಮಾತಲ್ಲ. ಆಗ ಅಂಥ ಕತ್ತರಿ ಯಾರಿಗೂ ಗೊತ್ತಿರಲಿಲ್ಲ. 1971ರಲ್ಲಿ ಜೇಮ್ಸ್ ವಾಂಗ್ ಇ. ಕೋಲಿಯಲ್ಲಿ ಮೊದಲ ಕತ್ತರಿಯನ್ನು ಕಂಡರು. ಈ ಜಾತಿಯ ಕಿಣ್ವಗಳಿಗೆ ಈಗ ಟೊಪೊಐಸೊಮರೇಸ್ ಅಂತ ಹೆಸರು. ಗಣಿತದ ಒಂದು ಶಾಖೆಯ ಹೆಸರನ್ನು ಹೊತ್ತ ಕಿಣ್ವ! 1976ರಲ್ಲಿ ಮಾರ್ಟಿನ್ ಗೆಲ್ಲರ್ಟ್ ತಂಡ ಡಿಎನ್‌ಎ ಗೈರೇಸ್ ಎಂಬ ಇನ್ನೊಂದನ್ನು ಪತ್ತೆ ಮಾಡಿತು. ಇದು ಶಕ್ತಿ ಖರ್ಚು ಮಾಡಿ ಡಿಎನ್‌ಎಯನ್ನು ಬಿಚ್ಚುವ ದಿಕ್ಕಿಗೆ ತಿರುಚಿಡುತ್ತದೆ.

ಈ ಗೈರೇಸ್ ಕೆಲಸ ಮಾಡುವುದು ಹೇಗೆ? ಇಲ್ಲೂ ಸಂಖ್ಯೆಯೇ ಬಾಯಿಬಿಟ್ಟಿತು. ಪ್ಯಾಟ್ರಿಕ್ ಬ್ರೌನ್ ಮತ್ತು ನಿಕೊಲಸ್ ಕೊಝರೆಲ್ಲಿ 1979ರಲ್ಲಿ, ಗೈರೇಸ್ ಕೊಂಡಿ ಸಂಖ್ಯೆಯನ್ನು ಎರಡೆರಡಾಗಿಯೇ ಬದಲಿಸುತ್ತದೆ ಎಂದು ತೋರಿಸಿದರು. ಒಂದು, ಮೂರು ಅಂತ ಬದಲಾಗಲ್ಲ, ಎರಡರ ಹೆಜ್ಜೆ. ಒಂದೇ ಎಳೆ ಕತ್ತರಿಸಿ ಇನ್ನೊಂದನ್ನು ತೂರಿಸಿದ್ದರೆ ಒಂದೊಂದಾಗಿ ಬದಲಾಗಬೇಕಿತ್ತು. ಎರಡರ ಹೆಜ್ಜೆ ಬರಬೇಕಾದರೆ ಎರಡೂ ಎಳೆಗಳನ್ನು ಒಟ್ಟಿಗೆ ಕತ್ತರಿಸಿ, ಆ ಬಾಗಿಲಿನಲ್ಲಿ ಡಿಎನ್‌ಎಯ ಇನ್ನೊಂದು ಭಾಗವನ್ನು ಇಡಿಯಾಗಿ ದಾಟಿಸಿ, ಮತ್ತೆ ಬಾಗಿಲು ಮುಚ್ಚಬೇಕು. ಕಿಣ್ವವನ್ನು ಯಾರೂ ಕಣ್ಣಾರೆ ನೋಡದೆಯೇ ಅದರ ಕೈಚಳಕ ಗೊತ್ತಾಯಿತು.

ಈ ಜಾಣತನವನ್ನು ಇನ್ನೂ ದೂರ ಕೊಂಡೊಯ್ದವರು ಗಂಟಿನ ಗಣಿತದವರು. ಗಂಟುಗಳ ಪಟ್ಟಿ ಮಾಡುವ ಕೆಲಸ ಶುರುವಾದದ್ದೇ ಒಂದು ತಪ್ಪು ಸಿದ್ಧಾಂತದಿಂದ. 1867ರಲ್ಲಿ ಲಾರ್ಡ್ ಕೆಲ್ವಿನ್, ಪರಮಾಣುಗಳೆಂದರೆ ಈಥರ್ ಎಂಬ ಮಾಧ್ಯಮದಲ್ಲಿನ ಗಂಟುಬಿದ್ದ ಸುಳಿಗಳು ಅಂದರು. ಅವರ ಗೆಳೆಯ ಪೀಟರ್ ಟೇಟ್ ಹಾಗಾದರೆ ಎಷ್ಟು ಬಗೆಯ ಗಂಟುಗಳಿವೆ ಅಂತ ಪಟ್ಟಿ ಮಾಡುತ್ತಾ ಕೂತರು. ಸಿದ್ಧಾಂತ ಸತ್ತಿತು, ಪಟ್ಟಿ ಬದುಕಿತು, ಬೆಳೆಯಿತು. ಹತ್ತು ದಾಟುಗಳವರೆಗಿನ ಮೂಲ ಗಂಟುಗಳು 249. ಇದರ ಉಪಯೋಗ ಏನು ಅಂತ ನಮ್ಮ ಅನುದಾನ ಸಮಿತಿಗಳು ಅಂದು ಕೇಳಿದ್ದರೆ ಟೇಟ್ ಬಳಿ ಉತ್ತರ ಇರುತ್ತಿರಲಿಲ್ಲ.

ಸುಮಾರು ನೂರು ವರ್ಷದ ನಂತರ ಈ ಪಟ್ಟಿ ಬೇಕಾಗಿದ್ದು ಬ್ಯಾಕ್ಟೀರಿಯಾದ ಕೆಲಸ ನೋಡುತ್ತಿದ್ದವರಿಗೆ. ಡಿಎನ್‌ಎಯ ಎರಡು ನಿರ್ದಿಷ್ಟ ಜಾಗಗಳನ್ನು ಹಿಡಿದು, ಕತ್ತರಿಸಿ, ಅದಲುಬದಲು ಮಾಡಿ ಜೋಡಿಸುವ ಕಿಣ್ವಗಳಿವೆ. ಟಿಎನ್3 ರಿಸಾಲ್ವೇಸ್ ಅಂಥದ್ದೊಂದು. ಒಳಗೆ ಅದು ಏನು ಮಾಡುತ್ತದೆ ಅಂತ ಕಾಣಲ್ಲ. ಆದರೆ ಅದಕ್ಕೆ ಬಳೆಯಾಕಾರದ ಡಿಎನ್‌ಎ ಕೊಟ್ಟರೆ ಹೊರಗೆ ಗಂಟುಗಳೂ ಸಂಕೋಲೆಗಳೂ ಬರುತ್ತವೆ. ಅವುಗಳಿಗೆ ಪ್ರೋಟೀನು ಲೇಪಿಸಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಯಾವ ಎಳೆ ಮೇಲೆ, ಯಾವುದು ಕೆಳಗೆ ಅಂತ ಹೇಳಬಹುದು.

ಫ್ಲಾರಿಡಾದ ಡಿ ವಿಟ್ ಸಮ್ನರ್ಸ್ ಮತ್ತು ಕ್ಲಾಸ್ ಅರ್ನ್ಸ್ಟ್ ಇದನ್ನು ಎಕ್ಸ್, ವೈ ಹುಡುಕುವ ಜೋಡಿ ಸಮೀಕರಣದಂತೆ ಬರೆದರು. ಕಿಣ್ವ ಹಿಡಿದ ಭಾಗ ಒಂದು ಚೆಂಡಿನೊಳಗೆ ಇದೆ, ಉಳಿದ ಡಿಎನ್‌ಎ ಚೆಂಡಿನ ಹೊರಗೆ. ಕಿಣ್ವ ಚೆಂಡಿನೊಳಗಿನದನ್ನು ಮಾತ್ರ ಬದಲಿಸುತ್ತದೆ. ಒಂದು ಸಲ ಬದಲಿಸಿದಾಗ ಎರಡು ಬಳೆಗಳ ಸರಳ ಸಂಕೋಲೆ, ಎರಡನೇ ಸಲ ನಾಲ್ಕು ದಾಟಿನ ಗಂಟು, ಮೂರನೇ ಸಲ ಐದು ದಾಟಿನ ಇನ್ನೊಂದು ಸಂಕೋಲೆ. ಉತ್ತರಗಳು ಗೊತ್ತು, ಅಜ್ಞಾತಗಳನ್ನು ಹುಡುಕಬೇಕು. ಈ ಚೆಂಡುಗಳಿಗೆ ಕೂಡುವ ನಿಯಮ ಕೊಟ್ಟಿದ್ದು ಜಾನ್ ಕಾನ್ವೇ, 1970ರಲ್ಲಿ. 1990ರಲ್ಲಿ ಅರ್ನ್ಸ್ಟ್ ಮತ್ತು ಸಮ್ನರ್ಸ್ ಈ ಸಮೀಕರಣಗಳಿಗೆ ಒಂದೇ ಒಂದು ಪರಿಹಾರ ಇದೆ ಎಂದು ಸಾಧಿಸಿದರು. ನಾಲ್ಕನೇ ಸಲ ಏನು ಬರಬೇಕು ಎಂಬುದೂ ಅದರಿಂದ ಬರುತ್ತದೆ: ಆರು ದಾಟಿನ ಒಂದು ನಿರ್ದಿಷ್ಟ ಗಂಟು. ಕೊಝರೆಲ್ಲಿ ತಂಡ ಅದೇ ಗಂಟನ್ನು 1985ರಲ್ಲೇ, ಕಿಣ್ವದ ಮಾದರಿಯೊಂದರ ಮುನ್ಸೂಚನೆಯ ಮೇಲೆ ಹುಡುಕಿ ಕಂಡಿತ್ತು.

ಕೈಯಲ್ಲಿ ಬಿಡಿಸಲಾಗದ ಪ್ರಶ್ನೆಗಳಿಗೆ ಕಂಪ್ಯೂಟರ್ ಬೇಕು. ಡಿಎನ್‌ಎ ತನ್ನ ಪಾಡಿಗೆ ಬಿಟ್ಟರೆ ಎಷ್ಟು ಸಲ ಗಂಟು ಬೀಳುತ್ತದೆ? 1975ರಲ್ಲೇ ಮಾಸ್ಕೋದ ಫ್ರಾಂಕ್-ಕಾಮೆನೆಟ್ಸ್ಕಿ, ಲುಕಾಶಿನ್ ಮತ್ತು ವೊಲೊಗೊಡ್ಸ್ಕಿ ಕಂಪ್ಯೂಟರಿನಲ್ಲಿ ಲೆಕ್ಕವಿಲ್ಲದಷ್ಟು ಸರಪಳಿಗಳನ್ನು ಪಗಡೆ ಉರುಳಿಸಿದಂತೆ ಯಾದೃಚ್ಛಿಕವಾಗಿ ಹೆಣೆದು, ಪ್ರತಿಯೊಂದಕ್ಕೂ ಅಲೆಕ್ಸಾಂಡರ್ ಬಹುಪದಿ ಎಂಬ ಗಂಟಿನ ಗುರುತಿನ ಚೀಟಿ ಹಾಕಿ ಎಣಿಸಿದರು. ಇಂಥ ಲೆಕ್ಕವನ್ನು ನಿಜವಾದ ಕಿಣ್ವಗಳ ಜೊತೆ ಹೋಲಿಸಿದಾಗ, 1997ರಲ್ಲಿ, ಒಂದು ವಿಚಿತ್ರ ಹೊರಬಂತು. ಎರಡೂ ಎಳೆ ಕತ್ತರಿಸುವ ಟೊಪೊಐಸೊಮರೇಸ್‌ಗಳು ಇದ್ದಾಗ ಗಂಟುಗಳು ಸಂಭವನೀಯತೆಯ ಲೆಕ್ಕಕ್ಕಿಂತ ಹತ್ತಾರು ಪಟ್ಟು ಕಡಿಮೆ. ಅಂದ್ರೆ ಕಿಣ್ವ ಸುಮ್ಮನೆ ಸಿಕ್ಕಸಿಕ್ಕಲ್ಲಿ ಕತ್ತರಿಸುತ್ತಿಲ್ಲ, ಗಂಟು ಬಿಡಿಸುವ ಕಡೆಗೇ ವಾಲುತ್ತದೆ. ತನಗಿಂತ ಎಷ್ಟೋ ದೊಡ್ಡ ಹಗ್ಗದ ಒಂದು ಮೂಲೆ ಮಾತ್ರ ಮುಟ್ಟುವ ಕಿಣ್ವಕ್ಕೆ ಇಡೀ ಹಗ್ಗದಲ್ಲಿ ಗಂಟಿದೆ ಅಂತ ಗೊತ್ತಾಗುವುದು ಹೇಗೆ? ತಾನು ಹಿಡಿದ ಜಾಗವನ್ನು ಅದು ಚೂಪಾಗಿ ಬಗ್ಗಿಸುವುದರಿಂದ ಈ ಒಲವು ಬರುತ್ತದೆ ಎಂಬುದು ಒಂದು ವಿವರಣೆ. ಚರ್ಚೆ ಇನ್ನೂ ನಡೆದಿದೆ.

ಕ್ಯಾಲಿಫೋರ್ನಿಯಾದ ಮರಿಯೆಲ್ ವಾಸ್ಕೆಸ್ ಮತ್ತು ಜಪಾನ್, ಬ್ರಿಟನ್ನಿನ ಜೊತೆಗಾರರು 2013ರಲ್ಲಿ ಇನ್ನೊಂದು ದಾರಿ ತೋರಿಸಿದರು. ಇ. ಕೋಲಿಯಲ್ಲಿ ಮರಿ ಬಳೆಗಳ ಸಂಕೋಲೆ ಬಿಡಿಸುವ ಮುಖ್ಯ ಕಿಣ್ವ ಕೈಕೊಟ್ಟಾಗ ಎಕ್ಸ್‌ಇಆರ್ ಎಂಬ ಬೇರೆ ಕಿಣ್ವಗಳು ಆ ಕೆಲಸಕ್ಕೆ ಇಳಿಯಬಲ್ಲವು. ಪ್ರತಿ ಹೆಜ್ಜೆಯಲ್ಲೂ ಸಿಕ್ಕು ಕಡಿಮೆಯಾಗುತ್ತಲೇ ಹೋಗಬೇಕು ಅಂತಾದರೆ ಅವು ಹಿಡಿಯಬಹುದಾದ ದಾರಿ ಒಂದೇ: ಆರು ದಾಟಿನಿಂದ ಐದು, ಐದರಿಂದ ನಾಲ್ಕು, ಹೀಗೆ ಒಂದೊಂದೇ ಇಳಿಯುವುದು.

ಮಾತ್ರೆಯ ಸ್ಟ್ರಿಪ್‌ನಲ್ಲಿ ಟೊಪಾಲಜಿ

ಇದೆಲ್ಲ ಎಲ್ಲೋ ಲ್ಯಾಬಿನ ಮಾತು ಅನ್ನಿಸಿದರೆ, ಮನೆಯ ಔಷಧಿ ಡಬ್ಬಿ ತೆರೆಯಿರಿ. ಸಿಪ್ರೊಫ್ಲಾಕ್ಸಾಸಿನ್ ಇರುವ ಸಾಧ್ಯತೆ ಹೆಚ್ಚು. ಭೇದಿಗೆ, ಮೂತ್ರದ ಸೋಂಕಿಗೆ ನಾವು ನುಂಗುವ ಈ ಮಾತ್ರೆ ಹಿಡಿಯುವುದು ಗೈರೇಸ್ ಮತ್ತು ಅದರ ಸೋದರ ಕಿಣ್ವವನ್ನು. ಅದರ ಕ್ರೌರ್ಯ ನೋಡಿ: ಕಿಣ್ವ ಎಳೆಗಳನ್ನು ಕತ್ತರಿಸಿ ಬಾಗಿಲು ತೆರೆದ ಹೊತ್ತಿಗೆ ಬಂದು, ಬಾಗಿಲು ಮುಚ್ಚದಂತೆ ಅಡ್ಡ ಕೂರುತ್ತದೆ. ಬ್ಯಾಕ್ಟೀರಿಯಾದ ಡಿಎನ್‌ಎ ತುಂಡಾದ ಸ್ಥಿತಿಯಲ್ಲೇ ಉಳಿಯುತ್ತದೆ.

ಅದರಿಂದ ತಪ್ಪಿಸಿಕೊಳ್ಳಲು ಬ್ಯಾಕ್ಟೀರಿಯಾಕ್ಕೆ ಬೇಕಾದದ್ದೂ ಚಿಕ್ಕದೇ. ಗೈರೇಸ್‌ನ ಒಂದು ಭಾಗದಲ್ಲಿ 83ನೇ ಸ್ಥಾನದ ಸೆರೀನ್ ಎಂಬ ಅಮೈನೋ ಆಮ್ಲ ಬದಲಾದರೆ ಮಾತ್ರೆಯ ಹಿಡಿತ ಸಡಿಲ. ಭಾರತದ ಟೈಫಾಯ್ಡ್ ಬ್ಯಾಕ್ಟೀರಿಯಾಗಳಲ್ಲಿ ಈ ಬದಲಾವಣೆ ಈಗ ಮಾಮೂಲು. ಟೈಫಾಯ್ಡ್‌ಗೆ ಒಂದು ಕಾಲದ ರಾಮಬಾಣ ಇಲ್ಲಿ ಬಹುಮಟ್ಟಿಗೆ ಕೆಲಸಕ್ಕೆ ಬಾರದಾಗಿದೆ. ವೈದ್ಯರ ಚೀಟಿ ಇಲ್ಲದೆ ಮಾರಬಾರದು ಎಂಬ ಕಾನೂನು ಇದ್ದೂ, ಎರಡು ಮಾತ್ರೆ ಕೊಡಿ ಅಂದರೆ ಕತ್ತರಿಸಿ ಕೊಡುವ ಅಂಗಡಿಗಳು, ಕೋಳಿಗಳ ನೀರಿಗೆ ಅದೇ ಗುಂಪಿನ ಔಷಧಿ ಬೆರೆಸುವ ಫಾರಂಗಳು, ಚರಂಡಿ ನೀರು ಸೇರುವ ಕುಡಿಯುವ ನೀರಿನ ಪೈಪುಗಳು. ಇವನ್ನೆಲ್ಲ ಸರಿಪಡಿಸದೆ ರೋಗಿ ಕೋರ್ಸ್ ಪೂರ್ತಿ ಮಾಡಲಿಲ್ಲ ಅಂತ ಬಯ್ಯುವುದು ಸುಲಭದ ರಾಜಕೀಯ.

ಇನ್ನೊಂದು ಔಷಧಿ ನಮ್ಮ ಘಟ್ಟದ ಕಾಡಿನಲ್ಲೇ ಇದೆ. ಕ್ಯಾಂಪ್ಟೊಥೆಸಿನ್ ಎಂಬ ರಾಸಾಯನಿಕವನ್ನು 1966ರಲ್ಲಿ ಮನ್ರೋ ವಾಲ್ ಮತ್ತು ಭಾರತ ಮೂಲದ ಮನ್ಸುಖ್ ವಾನಿ ಚೀನಾದ ಒಂದು ಮರದಿಂದ ಬೇರ್ಪಡಿಸಿದರು. ಅದು ಮನುಷ್ಯನ ಟೊಪೊಐಸೊಮರೇಸ್ 1 ಅನ್ನು, ಸಿಪ್ರೊ ಮಾಡುವಂತೆಯೇ, ಕತ್ತರಿಸಿದ ಗಳಿಗೆಯಲ್ಲಿ ಸಿಕ್ಕಿಸುತ್ತದೆ ಎಂದು ಗೊತ್ತಾದದ್ದು 1985ರಲ್ಲಿ. ಬೇಗಬೇಗ ಎರಡಾಗುವ ಕ್ಯಾನ್ಸರ್ ಕೋಶಗಳು ಹೆಚ್ಚು ಸಾಯುತ್ತವೆ. ಅದರಿಂದ ಹುಟ್ಟಿದ ಇರಿನೊಟೆಕಾನ್ ಮತ್ತು ಟೊಪೊಟೆಕಾನ್ ಇಂದು ಕರುಳು, ಅಂಡಾಶಯ, ಶ್ವಾಸಕೋಶದ ಕೆಲವು ಕ್ಯಾನ್ಸರುಗಳಿಗೆ ಕೊಡುವ ಔಷಧಿಗಳು. 1972ರಲ್ಲಿ ಟಿ.ಆರ್. ಗೋವಿಂದಾಚಾರಿ ಮತ್ತು ಎನ್. ವಿಶ್ವನಾಥನ್ ಇದೇ ಕ್ಯಾಂಪ್ಟೊಥೆಸಿನ್ ಪಶ್ಚಿಮ ಘಟ್ಟದ ಒಂದು ಚಿಕ್ಕ ಮರದಲ್ಲೂ ಧಾರಾಳವಾಗಿದೆ ಎಂದು ತೋರಿಸಿದರು. ಈಗಿನ ಹೆಸರು ನೊಥಪೊಡೈಟಿಸ್ ನಿಮ್ಮೋನಿಯಾನಾ. ವಾಸನೆಯ ಕಾರಣಕ್ಕೆ ಕನ್ನಡದಲ್ಲಿ ದುರ್ವಾಸನೆ ಮರ ಅಂತಲೂ ಕರೆಯುತ್ತಾರೆ.

ಆಮೇಲೆ ಆದದ್ದು ಊಹಿಸುವುದು ಕಷ್ಟವಲ್ಲ. ರಾಸಾಯನಿಕ ಇರುವುದು ಕಾಂಡದಲ್ಲಿ, ಬೇರಿನಲ್ಲಿ. ಹಾಗಾಗಿ ಎಲೆ ಕಿತ್ತರೆ ಸಾಲದು, ಮರವನ್ನೇ ಕಡಿಯಬೇಕು, ಬುಡ ಅಗೆಯಬೇಕು. ಘಟ್ಟದ ಅನೇಕ ಕಡೆ ಹಾಗೆ ಕಡಿದು ಸಾಗಿಸಿದ್ದರಿಂದ ಮರದ ಸಂಖ್ಯೆ ಕುಸಿಯಿತು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಆರ್. ಉಮಾಶಂಕರ್ ಅವರ ತಂಡ ಘಟ್ಟದುದ್ದಕ್ಕೂ ಅಲೆದು, ಯಾವ ಜಾಗದ ಮರದಲ್ಲಿ ಎಷ್ಟು ಕ್ಯಾಂಪ್ಟೊಥೆಸಿನ್ ಇದೆ ಎಂದು ಅಳೆದಿದೆ. ಹೆಚ್ಚು ಇಳುವರಿಯ ಮರಗಳನ್ನು ಗುರುತಿಸಿ ನೆಡುತೋಪು ಮಾಡಿದರೆ ಕಾಡಿನದನ್ನು ಮುಟ್ಟಬೇಕಾಗಿಲ್ಲ ಎಂಬುದು ಲೆಕ್ಕ. ಮರದೊಳಗೆ ವಾಸಿಸುವ ಶಿಲೀಂಧ್ರಗಳಿಂದಲೇ ಅದನ್ನು ತಯಾರಿಸಲು ಆದೀತೇ ಎಂಬ ಹುಡುಕಾಟವೂ ನಡೆದಿದೆ. ಆ ಮರಕ್ಕೂ ಟೊಪೊಐಸೊಮರೇಸ್ ಬೇಕು, ಅದರ ಜೀವಕೋಶಗಳೂ ಎರಡಾಗಬೇಕು. ತಾನೇ ತಯಾರಿಸುವ ವಿಷ ತನ್ನ ಕತ್ತರಿಯನ್ನು ಹಿಡಿಯದಂತೆ ಅದರ ಕಿಣ್ವದಲ್ಲಿ ಒಂದೆರಡು ಅಮೈನೋ ಆಮ್ಲಗಳು ಮಾತ್ರ ಬೇರೆಯಾಗಿವೆ.